ಬೇಲಿಗೆ ಬೇಶರಮ್ ಬೇಡ

ತೋಟದ ಅಂಚಿಗೂ ಗದ್ದೆಯ ಬದುವಿಗೂ ಬೇಶರಮ್ ಗಿಡದ ತುಂಡುಗಳನ್ನು ನೆಡಬೇಕೆಂದು ನಮ್ಮ ಸದಸ್ಯರಲ್ಲಿ ಕೆಲವರು ಆಲೋಚಿಸಿರುವಂತೆ ಕಾಣುತ್ತದೆ. ಖರ್ಚಿಲ್ಲ, ದನ ಬಾಯಿ ಹಾಕುವುದಿಲ್ಲ, ಹೂವು ಚೆಂದ ಎಂಬುದು ಅವರ ವಾದ. ಮೂರೂ ನಿಜವೇ. ಆದರೂ ಅದನ್ನು ನೆಡಕೂಡದೆಂಬುದು ನನ್ನ ಖಚಿತ ಅಭಿಪ್ರಾಯ.

ಸಸ್ಯಶಾಸ್ತ್ರಜ್ಞರು ಇದನ್ನು ಐಪೋಮಿಯಾ ಕಾರ್ನಿಯಾ ಎನ್ನುತ್ತಾರೆ. ನಾವು ಸುಟ್ಟು ತಿನ್ನುವ ಸಿಹಿಗೆಣಸಿನ ಕುಲದ್ದೇ. ಉಷ್ಣ ಅಮೆರಿಕದಿಂದ ಬಂದದ್ದು. ಹೃದಯಾಕಾರದ ಎಲೆ, ತಿಳಿ ನೇರಳೆಯ ಹೂವು, ಮುರಿದರೆ ಹಾಲು. ಬೇಶರಮ್ ಎಂದರೆ ನಾಚಿಕೆಗೆಟ್ಟದ್ದು. ಹೆಸರಿಟ್ಟವರು ಗಿಡವನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಗೇಣುದ್ದದ ತುಂಡು ಒದ್ದೆ ಮಣ್ಣಿಗೆ ತಾಗಿದರೆ ಸಾಕು, ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಬಿಸಿಲು ಬೇಕು, ನೀರು ಬೇಕು. ನೀರಿನಲ್ಲಿ ನಿಂತೂ ಬೆಳೆಯುತ್ತದೆ, ಕೆರೆ ಬತ್ತಿದರೂ ಜೀವ ಹಿಡಿದಿರುತ್ತದೆ. ತೇಲಿಹೋದ ಕೊಂಬೆ ತಲುಪಿದ ದಡದಲ್ಲೇ ಊರುತ್ತದೆ.

ಇದರ ಪರಿಣಾಮವನ್ನು ಅರಿಯಲು ಕೊಪ್ಪಳ ಸೀಮೆಯತ್ತ ನೋಡಬೇಕು. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ನಾಡಾಗಿಸಿತು. ಕಾಲುವೆಯ ಸೋರಿಕೆ, ಗದ್ದೆಯ ಬಸಿನೀರು ನಿಲ್ಲುವ ತಗ್ಗು, ಬಯಲ ಬಿಸಿಲು: ಈ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನಾವುದು? ಕಾಲುವೆಯಲ್ಲಿ ಪೊದೆ ಎದ್ದರೆ ನೀರಿನ ಓಟ ತಗ್ಗುತ್ತದೆ, ಹೂಳು ಕೂರುತ್ತದೆ, ಆ ಹೂಳಿನ ಮೇಲೆ ಮತ್ತೆ ಪೊದೆ ಬೆಳೆಯುತ್ತದೆ. ನಷ್ಟವೆಲ್ಲ ಕೊನೆಯ ಹೊಲದವನಿಗೆ. ಹೂಳು, ಕಸ, ಪೊದೆಗಳಿಂದ ಮುಚ್ಚಿಹೋದ ನೀರದಾರಿಯನ್ನು ಬಿಡಿಸುವುದೆಂದರೆ ಏನೆಂಬುದನ್ನು ಕೊಪ್ಪಳದ ಜನ ಬಲ್ಲರು. ೨೦೧೯ರಲ್ಲಿ ಗವಿಮಠದ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳವನ್ನು ಶುಚಿಗೊಳಿಸಿದಾಗ ಅದಕ್ಕೆ ಊರೂರೇ ಕೈಜೋಡಿಸಬೇಕಾಯಿತು.

ಕುಷ್ಟಗಿ, ಯಲಬುರ್ಗಾಗಳ ಮಾತು ಬೇರೆ. ಅವು ಒಣಭೂಮಿ, ಕುರಿ ಮೇಕೆಗಳ ನಾಡು. ಕುರಿ ಮುಟ್ಟದ ಬೇಲಿಗೆ ಅಲ್ಲಿಯ ರೈತ ಆಸೆಪಟ್ಟರೆ ನಾನು ತಪ್ಪೆಣಿಸಲಾರೆ. ಆದರೆ ‘ಮುಟ್ಟುವುದಿಲ್ಲ’ ಎಂಬುದು ಹಸಿರಿರುವವರೆಗಿನ ಮಾತು. ಕಡುಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಹಸಿರಾಗಿ ಉಳಿಯುವುದು ಇದೊಂದೇ ಆದಾಗ ಹಸಿದ ಮೇಕೆ ಬಾಯಿ ಹಾಕುತ್ತದೆ; ಒಮ್ಮೆ ರುಚಿ ಹತ್ತಿದರೆ ಹುಡುಕಿಕೊಂಡು ಹೋಗಿ ಮೇಯುತ್ತದೆ. ಎಲೆಯಲ್ಲಿರುವ ಸ್ವೈನ್ಸೋನೀನ್ ಎಂಬ ವಿಷ ನರಗಳಿಗೆ ಏರುತ್ತದೆ. ವಾರಗಟ್ಟಲೆ ಮೇಯ್ದ ಪ್ರಾಣಿ ಸೊರಗಿ, ಕಾಲು ತಡವರಿಸಿ, ಕೊನೆಗೆ ನೆಲ ಹಿಡಿಯುತ್ತದೆ. ನಾಲ್ಕು ಮೇಕೆಯೇ ಆಸ್ತಿಯಾಗಿರುವ ಮನೆಗೆ ಇದು ಸಣ್ಣ ನಷ್ಟವಲ್ಲ.

ಅಡಿಕೆ, ಕಾಫಿಯ ದಟ್ಟ ನೆರಳಿನಲ್ಲಿ ಇದು ಮೇಲೇಳದೆಂದು ಸದಸ್ಯರು ಹೇಳಬಹುದು, ಒಪ್ಪುತ್ತೇನೆ. ತೋಟದ ಕೆಳಗಿನ ಬಸಿಗಾಲುವೆಗೆ ನೆರಳೆಲ್ಲಿದೆ? ಅದು ಕಟ್ಟಿದರೆ ಅಡಿಕೆಯ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮತ್ತೊಂದು ಮಾತು. ನಮ್ಮ ಹಳ್ಳಗಳು ತುಂಗೆಗೋ ಭದ್ರೆಗೋ ಸೇರುತ್ತವೆ, ಅವೆರಡೂ ಕೂಡಲಿಯಲ್ಲಿ ಒಂದಾಗಿ ಮುನಿರಾಬಾದಿಗೆ ಹೋಗುತ್ತವೆ. ಸವರಿದ ಕೊಂಬೆಯನ್ನು ಹಳ್ಳಕ್ಕೆ ಎಸೆಯುವವರು ಕೆಳಗಿನವರ ದಡಕ್ಕೆ ಬೀಜ ಬಿತ್ತಿದಂತೆ.

ಈಗಾಗಲೇ ಗಿಡವಿರುವವರು ಕತ್ತಿಯಿಂದ ಸವರಿ ಬಿಡಬೇಡಿ. ಬುಡದಿಂದ ಮತ್ತೆ ಚಿಗುರುತ್ತದೆ. ನೀರು ಇಳಿದ ಮೇಲೆ, ಮಾರ್ಚಿನೊಳಗೆ, ಬೇರುಸಹಿತ ಕಿತ್ತು ಗಟ್ಟಿ ನೆಲದ ಮೇಲೆ ಪೂರ್ತಿ ಒಣಗಿಸಿ. ಎಲೆಯನ್ನು ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ತುಳಿಯಬಹುದು. ಹಸಿ ಕಾಂಡ ಮಾತ್ರ ಬೇಡ.

ಬೇಲಿ ಬೇಕೇ ಬೇಕೆಂದರೆ ಲಕ್ಕಿಯಿದೆ. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ನಮ್ಮದೇ ಗಿಡ. ತುಂಡಿನಿಂದಲೇ ಬರುತ್ತದೆ, ದಂಡೆಯ ಮಣ್ಣು ಹಿಡಿಯುತ್ತದೆ, ದನ ಮೇಯುವುದಿಲ್ಲ, ಅದರ ಸೊಪ್ಪಿನ ಉಪಯೋಗ ನಮ್ಮ ಮನೆಗಳ ಅಜ್ಜಿಯರಿಗೆ ಗೊತ್ತು. ತುಂಡು ಬೇಕಾದ ಸದಸ್ಯರು ಯುಗಾದಿಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕು.