ಗೃಹಾಂಗಣ: ಛತ್ರದಲ್ಲಿ ಎಡೆಯಿಲ್ಲದ ಇರುಳು

ಡಿಸೆಂಬರ್ ಮಾಸದ ಕೊನೆಯ ವಾರದಲ್ಲಿ ಹಂಪೆಯನ್ನು ನೋಡಲೆಂದು ಹೊಸಪೇಟೆಗೆ ಬಂದಿಳಿಯುವವರು ಮುಂಚಿತವಾಗಿ ಏರ್ಪಾಡು ಮಾಡಿಕೊಂಡಿರದಿದ್ದರೆ ಬಹಳ ತೊಂದರೆಪಡುವರು. ವಸತಿಗೃಹಗಳು ತುಂಬಿರುತ್ತವೆ, ಬಾಡಿಗೆ ಏರಿರುತ್ತದೆ, ಕೂಸುಗಳನ್ನೆತ್ತಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆಯುವ ಸಂಸಾರಗಳೂ ಉಂಟು. ಆ ಬಾಗಿಲುಗಳ ಮೇಲೆಯೇ ಬಣ್ಣದ ನಕ್ಷತ್ರವೊಂದು ತೂಗುತ್ತಿರುತ್ತದೆ. ಯಾವ ಕಥೆಯ ನೆನಪಿಗಾಗಿ ಆ ನಕ್ಷತ್ರವನ್ನು ಕಟ್ಟಿದ್ದಾರೆಯೋ ಆ ಕಥೆಯ ಮೊದಲೂ ಇದೇ: ತುಂಬಿದ ಊರು, ದಣಿದು ಬಂದ ದಂಪತಿಗಳು, ಛತ್ರದಲ್ಲಿ ಎಡೆಯಿಲ್ಲ.

ಲೂಕನು ಬರೆದ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಚಕ್ರವರ್ತಿಯ ಅಪ್ಪಣೆಯಂತೆ ಖಾನೇಷುಮಾರಿಗೆ ಹೆಸರು ಬರೆಯಿಸಲು ಬೇತ್ಲೆಹೇಮಿಗೆ ಹೋದ ಯೋಸೇಫ ಮರಿಯರಿಗೆ ತಂಗಲು ಸ್ಥಳ ದೊರೆಯಲಿಲ್ಲ. ಹುಟ್ಟಿದ ಶಿಶುವನ್ನು ತಾಯಿ ಗೋದಲಿಯಲ್ಲಿ ಮಲಗಿಸಿದಳು. ಗೋದಲಿ ಎಂಬ ಮಾತನ್ನು ನಮ್ಮ ಸೀಮೆಯವರಿಗೆ ಅರ್ಥಮಾಡಿಸಬೇಕಾಗಿಲ್ಲ. ಕಂಪ್ಲಿಯ ಯಾವ ಒಕ್ಕಲುಮನೆಯನ್ನು ಹೊಕ್ಕರೂ ಎತ್ತಿನ ಮುಂದೆ ಅದು ಇದ್ದೇ ಇರುವುದು. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸುವ ಕಾರ್ಯಕ್ಕೆ ಕೈಯಿಕ್ಕಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರ ವೇಳೆಗೆ ಸಮಗ್ರ ಗ್ರಂಥವು ನಮ್ಮ ನುಡಿಯಲ್ಲಿ ಅಚ್ಚಾಯಿತು. ಅಂದಿನಿಂದ ಈ ಕಥೆಯು ಈ ನಾಡಿನ ಹಟ್ಟಿ ಕೊಟ್ಟಿಗೆಗಳ ಮಾತಿನಲ್ಲಿಯೇ ನಮ್ಮ ಮುಂದಿದೆ.

ಕುರುಬರ ವಿಷಯವೂ ಹಾಗೆಯೇ. ಶುಭವಾರ್ತೆಯನ್ನು ಮೊದಲು ಕೇಳಿದವರು ರಾತ್ರಿಯಲ್ಲಿ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರೆಂದು ಲೂಕನು ಹೇಳುತ್ತಾನೆ. ಭತ್ತದ ಕೊಯಿಲಾದ ಮೇಲೆ ತುಂಗಭದ್ರೆಯ ಬಯಲಿನ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆಗಳನ್ನು ರಾತ್ರಿಯ ಹೊತ್ತು ನಿಲ್ಲಿಸಿಕೊಂಡು, ಕುರುಬರಿಗೆ ಕಾಳನ್ನೋ ಹಣವನ್ನೋ ಕೊಡುವ ವಾಡಿಕೆ ಇಂದಿಗೂ ಉಂಟು. ಕರಿಯ ಕಂಬಳಿ ಹೊದ್ದು ಬೆಂಕಿಯ ಮುಂದೆ ಎಚ್ಚತ್ತು ಕುಳಿತ ಆ ಜನರನ್ನು ಊರ ಹೊರಗೆ ಹೋಗಿ ಕಣ್ಣಾರೆ ಕಾಣಬಹುದು. ಹೀಗಿದ್ದೂ ನಮ್ಮ ಮನೆಗಳಲ್ಲಿ ಮಕ್ಕಳು ಕಟ್ಟುವ ಗೋದಲಿಯ ಮೇಲೆ ಅರಳೆಯನ್ನು ಹರವಿ ಹಿಮವೆಂದು ಕರೆಯುತ್ತೇವೆ! ಹಿಮವನ್ನು ಸೊಂಡೂರಿನ ಗುಡ್ಡಗಳೂ ಕಂಡಿಲ್ಲ, ಸುವಾರ್ತೆಯಲ್ಲಿಯೂ ಅದರ ಸುದ್ದಿಯಿಲ್ಲ. 1223ರಲ್ಲಿ ಇಟಲಿಯ ಗ್ರೇಚ್ಚೋ ಎಂಬ ಗ್ರಾಮದಲ್ಲಿ ಸಂತ ಫ್ರಾನ್ಸಿಸನು ನಿಜವಾದ ಹುಲ್ಲನ್ನು ಹಾಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ ಗೋದಲಿಯನ್ನು ತೋರಿಸಿದುದು, ಕ್ರಿಸ್ತನು ಬಡವನಾಗಿ ಹುಟ್ಟಿದನೆಂಬುದು ತನ್ನ ಕಾಲದ ಹಳ್ಳಿಯವರಿಗೆ ಕಣ್ಣಿಗೆ ಕಟ್ಟಲೆಂದು. ನಮ್ಮ ಮಕ್ಕಳೂ ನೆಲ್ಲುಹುಲ್ಲನ್ನು ತರಲಿ, ಕುರುಬನ ಬೊಂಬೆಗೆ ಕಂಬಳಿಯ ಚೂರೊಂದನ್ನು ಹೊದಿಸಲಿ.

ಇಷ್ಟರಿಂದ ಹೊಸ ಪದ್ಧತಿಗಳೆಲ್ಲವೂ ತ್ಯಾಜ್ಯವೆಂದು ನಾವು ಹೇಳುತ್ತಿಲ್ಲ. ಡಿಸೆಂಬರ್ 25ನೆಯ ತಾರೀಖು ಸಹ ಸುವಾರ್ತೆಯಲ್ಲಿ ಹೇಳಿದ್ದಲ್ಲ. ರೋಮಿನಲ್ಲಿ ಆ ದಿನ ಹಬ್ಬವನ್ನಾಚರಿಸಿದುದಕ್ಕೆ 336ನೆಯ ಇಸವಿಯ ದಾಖಲೆಯಿದೆ. ಅಲಂಕರಿಸಿದ ಮರವು ಜರ್ಮನಿಯಿಂದ ಬಂದುದು. ಕೆಂಪಂಗಿಯ ಮುದುಕನ ಹಿಂದೆ ನಾಲ್ಕನೆಯ ಶತಮಾನದ ಮೈರಾ ಪಟ್ಟಣದ ಬಿಷಪ್ ನಿಕೊಲಾಸನಿದ್ದಾನೆ. ಆತನು ಗುಟ್ಟಾಗಿ ದಾನ ಮಾಡುತ್ತಿದ್ದನೆಂದು ಪ್ರತೀತಿ. ಈಗಿನ ಮುದುಕನು ಅಂಗಡಿಯ ಬಾಗಿಲಲ್ಲಿ ನಿಂತು ಗಂಟೆ ಬಾರಿಸುತ್ತಾನೆ. ಗುಟ್ಟು ಹೋಯಿತು, ಗಂಟೆ ಉಳಿಯಿತು.

ಆದರೆ ನಮಗೆ ನಿಜವಾಗಿ ಚಿಂತೆಯನ್ನುಂಟುಮಾಡುವುದು ಮರವೂ ಅಲ್ಲ, ಮುದುಕನೂ ಅಲ್ಲ; ಹೊಸ ಬಟ್ಟೆ. ಕ್ರಿಸ್ತಜಯಂತಿಯ ಆರಾಧನೆಗೆ ಹೊಸ ಬಟ್ಟೆಯಿಲ್ಲದೆ ಹೋಗಬಾರದೆಂಬ ಭಾವನೆ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಕೊಳ್ಳಲಾರದ ತಾಯಿ ಮಗುವಿಗೆ ಮೈ ಸರಿಯಿಲ್ಲವೆಂಬ ನೆಪ ಹೇಳಿ ಮನೆಯಲ್ಲಿಯೇ ಉಳಿದುಬಿಡುವಳು. 2011ನೆಯ ಇಸವಿಯ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸೊಂಡೂರು ಹೊಸಪೇಟೆಗಳಲ್ಲಿ ಅದಿರನ್ನೂ ಲಾರಿಯನ್ನೂ ನಂಬಿದ್ದ ಎಷ್ಟೋ ಮನೆಗಳ ಸಂಪಾದನೆ ಒಮ್ಮೆಗೇ ನಿಂತಿತು. ನ್ಯಾಯಾಲಯದ ತೀರ್ಮಾನ ಯುಕ್ತವೇ ಆಗಿರಬಹುದು. ಮನೆಯಲ್ಲಿ ಹಬ್ಬ ಮಾತ್ರ ಕಾಯುವುದಿಲ್ಲ. ಅಂಥ ವರುಷಗಳಲ್ಲಿ ಸಾಲದ ಬಟ್ಟೆಯುಟ್ಟು ಬರುವುದು, ಇಲ್ಲವೇ ಬಾರದೆ ಉಳಿಯುವುದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಮಾಡುವುದು ನೆರೆಯವರಾದ ನಮ್ಮ ಕಣ್ಣುಗಳೇ ಅಲ್ಲವೆ? ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬಕ್ಕೆ ಬರಲು ಬಟ್ಟೆ ಅಡ್ಡವಾಗುವುದಾದರೆ ಛತ್ರದ ಬಾಗಿಲನ್ನು ಮುಚ್ಚಿದವರು ನಾವೇ.

ಆದುದರಿಂದ ಸ್ಥಿತಿವಂತರಾದ ಸೋದರಿಯರಲ್ಲಿ ಒಂದು ಬಿನ್ನಹ. ಈ ಸಾರಿ ನೀವೂ ನಿಮ್ಮ ಮಕ್ಕಳೂ ಒಗೆದು ಮಡಿಸಿದ ಹಳೆಯ ಬಟ್ಟೆಯನ್ನೇ ಉಟ್ಟು ಆರಾಧನೆಗೆ ಹೋಗಿರಿ. ಯಾರಿಗೂ ಕಾರಣ ಹೇಳಬೇಡಿರಿ. ನಾಲ್ಕು ಮನೆಯವರು ಹೀಗೆ ಮಾಡಿದರೆ ಐದನೆಯ ಮನೆಯಾಕೆ ನಿರಾತಂಕವಾಗಿ ಬರುವಳು. ಬಡವರಿಗೆ ಬಟ್ಟೆ ಹಂಚುವುದಕ್ಕಿಂತ ಇದು ಕಷ್ಟ, ಬಲ್ಲೆವು. ಹಂಚುವಾಗ ನಮ್ಮ ಕೈ ಮೇಲಿರುತ್ತದೆ.

ಇನ್ನೊಂದು ಮಾತು. ಹಬ್ಬದ ರಾತ್ರಿಯಲ್ಲಿಯೇ ಪ್ರವಾಸಿಗಳ ಗದ್ದಲ ಹೆಚ್ಚಾಗಿ, ವಸತಿಗೃಹಗಳಲ್ಲಿ ಪಾತ್ರೆ ತೊಳೆಯುವ, ಹಾಸಿಗೆ ಹಾಸುವ, ಆಟೋ ಓಡಿಸುವ ತರುಣರಿಗೆ ಬಿಡುವು ದೊರೆಯುವುದಿಲ್ಲ. ಅಂಥ ಮಗನಿರುವ ಮನೆಯಲ್ಲಿ ಗಡಿಯಾರವನ್ನು ನೋಡಬೇಡಿರಿ. ಅವನು ರಾತ್ರಿ ಹನ್ನೊಂದಕ್ಕೆ ಬಂದರೆ ಹನ್ನೊಂದಕ್ಕೆ, ಮರುದಿನ ಮಧ್ಯಾಹ್ನ ಬಂದರೆ ಮಧ್ಯಾಹ್ನ ಮನೆಯ ಪ್ರಾರ್ಥನೆಯಾಗಲಿ. ಧ್ವನಿವರ್ಧಕದ ಹಾಡು ಬೇಡ. ಕ್ರಿಸ್ತನ ಚರಿತ್ರೆಯನ್ನು ಕಿಟ್ಟೆಲರು 1862ರಲ್ಲಿಯೇ ‘ಕಥಾಮಾಲೆ’ ಎಂಬ ಹೆಸರಿನಿಂದ ಕನ್ನಡದ ಪದ್ಯಗಳಲ್ಲಿ ಕಟ್ಟಿದರು. ನಮ್ಮ ಮಟ್ಟುಗಳಲ್ಲಿ ಹಾಡಲು ನಾವೇಕೆ ಸಂಕೋಚಪಡಬೇಕು? ಅಜ್ಜಿಗೆ ಬರುವ ಹಾಡಾದರೆ ಇನ್ನೂ ಲೇಸು.

ಬಳಿಕ ಮನೆಯ ಹಿರಿಯ ಮಗುವು ಲೂಕನ ಎರಡನೆಯ ಅಧ್ಯಾಯದ ಮೊದಲ ಇಪ್ಪತ್ತು ವಚನಗಳನ್ನು ನಿಧಾನವಾಗಿ ಓದಲಿ. ಐದು ನಿಮಿಷಕ್ಕಿಂತ ಹೆಚ್ಚಾಗದು. ಅಲ್ಲಿಯವರೆಗೆ ಗೋದಲಿಯು ಬರಿದಾಗಿಯೇ ಇರಲಿ. ಓದು ಮುಗಿದೊಡನೆ ಎಲ್ಲರಿಗಿಂತ ಕಿರಿಯ ಮಗುವು ಶಿಶುವಿನ ಬೊಂಬೆಯನ್ನು ತನ್ನ ಕೈಯಿಂದ ಹುಲ್ಲಿನ ಮೇಲೆ ಮಲಗಿಸಲಿ. ಕರ್ಚಿಕಾಯಿಯ ತಟ್ಟೆ ಆಮೇಲೆ ಹೊರಗೆ ಬರಬಹುದು.