ನಷ್ಟ ಯಾರ ತಲೆ ಮೇಲೆ?

1/5
ಹೋದ ವಾರದ ಇಂಟರ್ನಲ್ಸ್ ಪ್ರಶ್ನೆ ನೆನಪಿದೆ ತಾನೇ? "ಕೋವಿಡ್‌ನಿಂದ ಅಂತಾರಾಷ್ಟ್ರೀಯ ವ್ಯಾಪಾರದ ಮೇಲಾದ ಪರಿಣಾಮಗಳನ್ನು ಬರೆಯಿರಿ." ಐದು ಮಾರ್ಕ್ಸ್. ಎಲ್ಲರೂ ಒಂದೇ ನೋಟ್ಸ್ ಓದಿದವರು, ಒಂದೇ ಉತ್ತರ ಬರೆದ್ವಿ: ಸಪ್ಲೈ ಚೈನ್ ನಿಂತುಹೋಯ್ತು, ಎಲ್ಲರಿಗೂ ನಷ್ಟ ಆಯ್ತು, ಬೇಗ ಬದಲಾದವರು ಗೆದ್ದರು. ನನಗೆ ನಾಲ್ಕೂವರೆ ಬಂತು.

ಆ ಉತ್ತರ ತಪ್ಪು ಅಂತ ಹೇಳೋಕೇ ಈ ಸರಣಿ. ನಷ್ಟ ಎಲ್ಲರಿಗೂ ಸಮನಾಗಿ ಬೀಳಲಿಲ್ಲ. ಮೇಲಿನವರು ಅದನ್ನ ಕೆಳಗಿನವರ ತಲೆಗೆ ಕಟ್ಟಿದರು.

2/5
ಬಾಂಗ್ಲಾದೇಶ, 2020ರ ಮಾರ್ಚ್. ಯುರೋಪ್, ಅಮೆರಿಕದಲ್ಲಿ ಬಟ್ಟೆ ಅಂಗಡಿಗಳು ಬಾಗಿಲು ಹಾಕಿದವು. ಅಲ್ಲಿನ ಬ್ರ್ಯಾಂಡ್‌ಗಳು ಬಾಂಗ್ಲಾದ ಫ್ಯಾಕ್ಟರಿಗಳಿಗೆ ಹೇಳಿದ್ದು ಇಷ್ಟೇ: ಆರ್ಡರ್ ಕ್ಯಾನ್ಸಲ್, ಇಲ್ಲಾ ಮುಂದಕ್ಕೆ. ಅಲ್ಲಿನ ರಫ್ತುದಾರರ ಸಂಘದ ಲೆಕ್ಕದಲ್ಲಿ ಹೀಗೆ ರದ್ದಾದ, ತಡೆಹಿಡಿದ ಆರ್ಡರ್‌ಗಳ ಮೊತ್ತ 300 ಕೋಟಿ ಡಾಲರ್‌ಗೂ ಹೆಚ್ಚು. ಎಷ್ಟೋ ಬಟ್ಟೆ ಆಗಲೇ ಹೊಲಿದು ಮುಗಿದಿತ್ತು.

ಈ ವ್ಯಾಪಾರ ನಡೆಯೋದು ಹೇಗೆ ಗೊತ್ತಾ? ಬಟ್ಟೆ, ದಾರ, ಗುಂಡಿ, ಕೂಲಿ ಎಲ್ಲಾ ಫ್ಯಾಕ್ಟರಿಯದ್ದು, ಹೆಚ್ಚಾಗಿ ಬ್ಯಾಂಕ್ ಸಾಲದಲ್ಲಿ. ಬ್ರ್ಯಾಂಡ್ ದುಡ್ಡು ಕೊಡೋದು ಮಾಲು ಹಡಗು ಹತ್ತಿದ ಮೇಲೆ, ಎಷ್ಟೋ ಸಲ ಎರಡು ಮೂರು ತಿಂಗಳು ಕಳೆದು. ಅಂದ್ರೆ ಬಡ ದೇಶದ ಫ್ಯಾಕ್ಟರಿ ಶ್ರೀಮಂತ ದೇಶದ ಕಂಪನಿಗೆ ಸಾಲ ಕೊಟ್ಟ ಹಾಗೆ!

3/5
"ಅಂಗಡಿಯೇ ಮುಚ್ಚಿದ್ರೆ ಅವರಾದ್ರೂ ಏನ್ ಮಾಡ್ತಾರೆ?" ಅಂತ ಕೇಳ್ತೀರಿ. ಸರಿ, ಕೇಳಿ. ಅವರು ತೋರಿಸಿದ ಕಾರಣ ಫೋರ್ಸ್ ಮೇಜರ್: ಯಾರ ಕೈಯಲ್ಲೂ ಇಲ್ಲದ ಆಪತ್ತು ಬಂದ್ರೆ ಕರಾರಿನಿಂದ ಬಿಡುಗಡೆ. ನಮ್ಮ 1872ರ ಕರಾರು ಕಾಯ್ದೆಯ 56ನೇ ಸೆಕ್ಷನ್ ಓದಿದ್ದೀರಲ್ಲ? ಅದು ಹೇಳೋದು ಅಸಾಧ್ಯದ ಬಗ್ಗೆ. ಹೊಲಿದು ಮುಗಿಸಿದ ಅಂಗಿಗೆ ದುಡ್ಡು ಕೊಡೋದು ಅಸಾಧ್ಯ ಆಗಿರಲಿಲ್ಲ, ಲಾಭ ಇರಲಿಲ್ಲ ಅಷ್ಟೆ. ಎರಡೂ ಒಂದೇನಾ?

ಜನ ಜೋರಾಗಿ ಕೇಳೋಕೆ ಶುರು ಮಾಡಿದ ಮೇಲೆ ಎಚ್ ಅಂಡ್ ಎಂ, ಝಾರಾದ ಇಂಡಿಟೆಕ್ಸ್ ಥರದ ಕಂಪನಿಗಳು ರೆಡಿ ಇರೋ, ಹೊಲಿಯುತ್ತಿರೋ ಮಾಲಿಗೆ ದುಡ್ಡು ಕೊಡ್ತೀವಿ ಅಂದವು. ಕೊಡೋಕೆ ಆಗ್ತಿತ್ತು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

4/5
ಬಾಂಗ್ಲಾ ದೂರ ಅನ್ಕೊಬೇಡಿ. ಅದೇ ಥರದ ಬ್ರ್ಯಾಂಡ್‌ಗಳಿಗೆ ನಮ್ಮವರೂ ಹೊಲೀತಾರೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ರಫ್ತು ಗಾರ್ಮೆಂಟ್ಸ್‌ನಲ್ಲಿ ಆರ್ಡರ್ ಇಲ್ಲ ಅಂತ 1,200ಕ್ಕೂ ಹೆಚ್ಚು ಜನರನ್ನ ಕೆಲಸದಿಂದ ಬಿಡಿಸಿದರು. ಹೆಚ್ಚಿನವರು ಹೆಂಗಸರು. ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕೂತರು.

ಆಗ ನಾವು ಎಂಟನೇ ಕ್ಲಾಸ್. ಪರೀಕ್ಷೆ ಇಲ್ಲದೆ ಪಾಸ್ ಅಂತ ನಾನು ಕುಣೀತಿದ್ದೆ. ಬೇರೆ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ನಮ್ಮ ಚಿಕ್ಕಮ್ಮನಿಗೆ ಆ ತಿಂಗಳು ಅರ್ಧ ಸಂಬಳ. "ಫಾರಿನ್‌ನಿಂದ ದುಡ್ಡು ಬಂದಿಲ್ಲಮ್ಮ" ಅಂದರಂತೆ. ಚಿಕ್ಕಮ್ಮ ಇವತ್ತಿಗೂ "ಆ ಹಾಳು ಕಾಯಿಲೆ ಬಂತಲ್ಲ" ಅಂತಾರೆ. ನಮ್ಮ ನೋಟ್ಸೂ ಅದನ್ನೇ ಹೇಳುತ್ತೆ. ನನಗೆ ಸಿಟ್ಟು ಬರೋದು ಇಲ್ಲಿ.

5/5
"ಎಲ್ಲರಿಗೂ ನಷ್ಟ" ಅನ್ನೋರಿಗೆ ಇನ್ನೊಂದು ಲೆಕ್ಕ. 2021ರಲ್ಲಿ ಕಂಟೈನರ್ ಬಾಡಿಗೆ ಆಕಾಶಕ್ಕೇರಿ ಸಣ್ಣ ರಫ್ತುದಾರರು ಒದ್ದಾಡ್ತಿದ್ದಾಗ, ಹಡಗು ಕಂಪನಿ ಮಾರ್ಸ್ಕ್‌ನ ಆ ವರ್ಷದ ಲಾಭ ಸುಮಾರು 1,800 ಕೋಟಿ ಡಾಲರ್.

ನಮ್ಮ ಕ್ಲಾಸಲ್ಲೇ ಎಷ್ಟೋ ಜನಕ್ಕೆ ಎಕ್ಸ್‌ಪೋರ್ಟ್ ಬಿಸಿನೆಸ್ ಕನಸಿದೆ. ಮಾಡಿ, ಖಂಡಿತ ಮಾಡಿ. ಆದರೆ ಲೋಗೋ ಮಾಡಿಸೋ ಮೊದಲು ಕರಾರು ಓದಿ. ಅಡ್ವಾನ್ಸ್ ಎಷ್ಟು, ಲೆಟರ್ ಆಫ್ ಕ್ರೆಡಿಟ್ ಇದೆಯಾ, ಮಾಲು ರೆಡಿ ಆದ ಮೇಲೆ ಕ್ಯಾನ್ಸಲ್ ಮಾಡಿದ್ರೆ ಯಾರು ಕೊಡ್ತಾರೆ, ಇಸಿಜಿಸಿ ವಿಮೆ ಯಾವುದಕ್ಕೆ ಸಿಗುತ್ತೆ, ಯಾವುದಕ್ಕೆ ಸಿಗಲ್ಲ, ಕೇಳಿ. ಮತ್ತೆ ನಾಳೆ ನೀವೇ ಮಾಲೀಕರಾದಾಗ, ನಿಮ್ಮ ಮೇಲೆ ಬಿದ್ದ ನಷ್ಟವನ್ನ ಹೊಲಿಯೋರ ಸಂಬಳದಲ್ಲಿ ಮುರ್ಕೊಬೇಡಿ.

ಸೆಮಿಸ್ಟರ್ ಪರೀಕ್ಷೆಗೆ ಅದೇ ಪ್ರಶ್ನೆ ಬಂದ್ರೆ ನಾನಂತೂ ಈ ಉತ್ತರ ಬರೀತೀನಿ. ಎಷ್ಟು ಮಾರ್ಕ್ಸ್ ಬಂತು ಅಂತ ಆಮೇಲೆ ಹೇಳ್ತೀನಿ. ನಿಮ್ಮ ಮನೇಲೂ ಗಾರ್ಮೆಂಟ್ಸ್‌ಗೆ ಹೋಗೋರಿದ್ರೆ, 2020ರಲ್ಲಿ ಏನಾಯ್ತು ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ.

#ಬಿಕಾಂ #ಗಾರ್ಮೆಂಟ್ಸ್ #ನಷ್ಟಯಾರತಲೆಮೇಲೆ