ನೌಕರಿಯ ಓಟ ಮುಗಿದ ಮೇಲೆ

ದಸರೆ ಹತ್ತಿರವಾದಂತೆ ನಿಲಂಗಾ, ಉಮರ್ಗಾ, ಉದಗೀರ ಭಾಗದ ರಸ್ತೆಗಳಲ್ಲಿ ನಸುಕಿಗೇ ಹೆಜ್ಜೆ ಸಪ್ಪಳ ಕೇಳಿಸುತ್ತದೆ. ತುಳಜಾಪುರಕ್ಕೆ ಬರಿಗಾಲಲ್ಲಿ ನಡೆದು ಹೋಗುವವರು ಬಹಳ ಜನ. ಅವರ ನಡುವೆ ಓಡುವವರೂ ಇರುತ್ತಾರೆ. ಓಡುವವರಲ್ಲಿ ಎರಡು ಬಗೆ. ಒಂದು, ಹದಿನೆಂಟು ಇಪ್ಪತ್ತರ ಹುಡುಗರು. ಇವರದು 'ಭರ್ತಿ'ಯ ಓಟ. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದ ತಾಲೂಕುಗಳು. ಅಲ್ಲಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾತು ಕನ್ನಡವೇ. ಆದರೂ ಪೊಲೀಸ್ ನೇಮಕಾತಿ, ಸೇನಾ ನೇಮಕಾತಿ ಎಂದು ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ. ಭರ್ತಿ ಎಂದರೆ ಸಾಕು.

ಇನ್ನೊಂದು ಬಗೆಯವರು ನಲವತ್ತು ದಾಟಿದವರು: ಡಾಕ್ಟರು, ಮಾಸ್ತರು, ಅಂಗಡಿಯವರು. ಸಕ್ಕರೆ ಕಾಯಿಲೆಯ ಹೆದರಿಕೆಯಿಂದ ನಡೆಯಲು ಶುರು ಮಾಡಿ, ನಡಿಗೆಯಿಂದ ಓಟಕ್ಕೆ ಬಂದವರೇ ಹೆಚ್ಚು. ಈಗ ಸಣ್ಣ ಊರುಗಳಲ್ಲೂ ಇಂಥವರದೊಂದು ಓಟದ ಕೂಟ ಇರುತ್ತದೆ. ಮಳೆ ಹಿಂದೆ ಸರಿಯುತ್ತಿದ್ದಂತೆ ಇವರ ಹಬ್ಬ ಶುರು. ಮಳೆಗಾಲದ ಕೊನೆಗೆ ಸಾತಾರಾದಲ್ಲಿ ಯವತೇಶ್ವರ ಘಾಟ್ ಹತ್ತಿ ಇಳಿಯುವ ಅರ್ಧ ಮ್ಯಾರಥಾನ್, ಸೆಪ್ಟೆಂಬರ್ ಅಕ್ಟೋಬರ್ ಸುಮಾರಿಗೆ ಬೆಂಗಳೂರಿನದು, ಆಮೇಲೆ ದೆಹಲಿಯದು, ಚಳಿ ಬಿದ್ದ ಮೇಲೆ 1983ರಲ್ಲಿ ಆರಂಭವಾದ ಪುಣೆಯದು. ಒಂದೇ ಬಣ್ಣದ ಅಂಗಿ ತೊಟ್ಟು, ಜೀಪು ಮಾಡಿಕೊಂಡು ಹೋಗಿ ಬರುತ್ತಾರೆ. ಕೊರಳಲ್ಲಿ ಪದಕ, ಕಾಲಲ್ಲಿ ಬೊಬ್ಬೆ.

ಒಂದೇ ಮೈದಾನ, ಒಂದೇ ಹೊತ್ತು. ಆದರೆ ಈ ಎರಡು ಗುಂಪುಗಳ ನಡುವೆ ಮಾತು ಕಡಿಮೆ. ಹುಡುಗರನ್ನು ಕೇಳಿದರೆ ಹೇಳುವುದು ಇಷ್ಟೇ: "ನೀವು ಆರೋಗ್ಯಕ್ಕ ಓಡ್ತೀರಿ ಸರ್, ನಾವು ನೌಕರಿಗೆ ಓಡ್ತೀವಿ." ಮಾತು ಸುಳ್ಳಲ್ಲ. ಮಹಾರಾಷ್ಟ್ರದ ಪೊಲೀಸ್ ಭರ್ತಿಯಲ್ಲಿ ದೇಹಪರೀಕ್ಷೆಗೆ ಒಟ್ಟು 50 ಅಂಕ. ಅದರಲ್ಲಿ ಹುಡುಗರ 1600 ಮೀಟರ್ ಓಟಕ್ಕೇ 20. ಕೆಲವೇ ಸೆಕೆಂಡು ತಡವಾದರೆ ಅಂಕ ಹೋಯಿತು, ಅಂಕ ಹೋದರೆ ವರ್ಷ ಹೋಯಿತು. ಆದ್ದರಿಂದ ದಿನವೂ ಅದೇ ದೂರವನ್ನು ಜೀವ ಬಿಟ್ಟು ಓಡುತ್ತಾರೆ. ನಾನಂತೂ ಇದನ್ನು ತರಬೇತಿ ಎನ್ನಲಾರೆ, ದಿನವೂ ಪರೀಕ್ಷೆ ಬರೆಯುವುದು ಎನ್ನುತ್ತೇನೆ. ಓದಲು ಹೊತ್ತು ಬೇಡವೇ? ದೂರದ ಓಟಗಾರರು ವಾರದ ಹೆಚ್ಚಿನ ದಿನ ಮಾತಾಡುತ್ತಾ ಓಡಬಲ್ಲಷ್ಟು ನಿಧಾನವಾಗಿ ಓಡುತ್ತಾರೆ. ವೇಗದ ಓಟ ಒಂದೆರಡು ದಿನ ಮಾತ್ರ. ಎದೆ, ಶ್ವಾಸ, ಕಾಲಿನ ಎಲುಬು ಗಟ್ಟಿಯಾಗುವುದು ಆ ನಿಧಾನದಲ್ಲೇ.

ಹಟದ ಓಟ ಪ್ರಾಣಕ್ಕೂ ಕುತ್ತಾಗಬಹುದು. 2014ರ ಜೂನ್ ತಿಂಗಳಲ್ಲಿ ಮುಂಬೈ ಪೊಲೀಸ್ ಭರ್ತಿಯ ಐದು ಕಿಲೋಮೀಟರ್ ಓಟದಲ್ಲಿ ಕುಸಿದು ಕೆಲವು ಯುವಕರು ಸತ್ತರು. ಆಮೇಲೆ ಓಟದ ದೂರವನ್ನು ತಗ್ಗಿಸಲಾಯಿತು. ಓಡುವಾಗ ಸ್ನಾಯುಗಳು ಸುಡುವ ಶಕ್ತಿಯ ಬಹುಪಾಲು ಶಾಖವೇ ಆಗುತ್ತದೆ. ಆ ಶಾಖ ಹೊರಹೋಗಲು ಬೆವರು ಆರಬೇಕು. ಜೂನ್ ತಿಂಗಳ ಮುಂಬೈಯ ತೇವದ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಶರತ್ಕಾಲದ ನಸುಕಿಗೆ ಇಷ್ಟೊಂದು ಓಟಗಳನ್ನು ಇಡುವುದು ಬರಿಯ ಹವ್ಯಾಸವಲ್ಲ ಎಂದು ಇದರಿಂದ ತಿಳಿಯಬಹುದು. ನಮ್ಮ ಕಡೆ ಅಕ್ಟೋಬರಿನ ಬಿಸಿಲು ಚುರುಕೇ. ಸೂರ್ಯ ಮೇಲೇರುವ ಮೊದಲೇ ಓಡಿ ಮುಗಿಸಬೇಕು. ಬೆವರಿದ ಮೇಲೆ ಕುಡಿಯಲು ದುಬಾರಿ ಪಾನೀಯ ಬೇಡ. ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ತಾಯಂದಿರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಮರಾಠವಾಡದ ಹುಡುಗನೊಬ್ಬ ಭರ್ತಿಯ ಓಟವನ್ನು ದಾಟಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅವಿನಾಶ್ ಸಾಬಳೆ ಇದ್ದಾರೆ. ಬೀಡ ಜಿಲ್ಲೆಯ ಆಷ್ಟಿ ತಾಲೂಕಿನ ಮಾಂಡವಾ ಅವರ ಊರು. ಶಾಲೆ ಆರು ಕಿಲೋಮೀಟರ್ ದೂರ, ಬಸ್ಸಿಲ್ಲ; ನಡೆಯಬೇಕು, ಇಲ್ಲವೇ ಓಡಬೇಕು. ಹನ್ನೆರಡನೆಯ ತರಗತಿ ಮುಗಿಸಿ ಅವರು ಸೇರಿದ್ದು ಸೇನೆಯ ಮಹಾರ್ ರೆಜಿಮೆಂಟಿಗೆ. ಸಿಯಾಚಿನ್ ಹಿಮ, ರಾಜಸ್ಥಾನದ ಮರಳು, ಸಿಕ್ಕಿಂ ಎಲ್ಲ ಸುತ್ತಿದ ಮೇಲೆ 2015ರಲ್ಲಿ ಸೇನೆಯ ಕ್ರಾಸ್‌ಕಂಟ್ರಿ ಓಟಕ್ಕೆ ಇಳಿದರು. ಅಂದರೆ ನೌಕರಿ ಸಿಕ್ಕ ಮೇಲೆ ಅವರ ನಿಜವಾದ ಓಟ ಶುರುವಾಯಿತು! ಅವರ ದೊಡ್ಡ ಓಟಗಳಲ್ಲಿ ಎಷ್ಟೋ ಈ ಶರತ್ಕಾಲದ್ದೇ. 2018ರ ಸೆಪ್ಟೆಂಬರಿನಲ್ಲಿ ಭುವನೇಶ್ವರದಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಗೋಪಾಲ್ ಸೈನಿಯವರ 1981ರ ದಾಖಲೆಯನ್ನು ಮುರಿದರು. 2019ರ ಅಕ್ಟೋಬರಿನಲ್ಲಿ ದೋಹಾದ ವಿಶ್ವ ಕೂಟದ ಮೊದಲ ಸುತ್ತಿನಲ್ಲಿ ಬೇರೆ ಓಟಗಾರ ಅಡ್ಡ ಬಂದು ಹಿಂದೆ ಬಿದ್ದರು. ಭಾರತದ ಮೇಲ್ಮನವಿಯ ಮೇಲೆ ಅಂತಿಮ ಸುತ್ತಿಗೆ ಸೇರಿಸಿಕೊಂಡರು. ಅಲ್ಲಿ ಪದಕ ಬರಲಿಲ್ಲ, ಹೊಸ ರಾಷ್ಟ್ರೀಯ ದಾಖಲೆ ಬಂತು. 2020ರ ನವೆಂಬರಿನಲ್ಲಿ ದೆಹಲಿಯ ಅರ್ಧ ಮ್ಯಾರಥಾನನ್ನು 1 ಗಂಟೆ 30 ಸೆಕೆಂಡಿನಲ್ಲಿ ಮುಗಿಸಿ 61 ನಿಮಿಷದೊಳಗೆ ಓಡಿದ ಮೊದಲ ಭಾರತೀಯರಾದರು. 2023ರ ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. 2025ರ ಜುಲೈನಲ್ಲಿ ಮೊನಾಕೊದಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು.

ಎಲ್ಲರೂ ಸಾಬಳೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನನ್ನ ಚಿಂತೆ ಆಗದವರದು. ಪೊಲೀಸ್ ಭರ್ತಿಗೆ ವಯಸ್ಸಿನ ಮಿತಿ 28, ಹಿಂದುಳಿದ ವರ್ಗದವರಿಗೆ 33. ಆ ವಯಸ್ಸು ದಾಟಿದ ದಿನವೇ ಬೂಟು ಅಟ್ಟ ಸೇರುತ್ತದೆ. ಸಪ್ಪೆ ಮುಖ ಹೊತ್ತು ಪುಣೆಗೋ ಹೈದರಾಬಾದಿಗೋ ಕೂಲಿಗೆ ಹೋಗುತ್ತಾರೆ. ಕೆಲವರು ಕಟ್ಟೆ ಹಿಡಿಯುತ್ತಾರೆ, ಕೆಲವರು ಬಾಟಲಿ. ಹತ್ತು ವರ್ಷ ನಸುಕಿಗೆ ಎದ್ದವನು ಒಮ್ಮೆಲೇ ಏಳುವುದನ್ನೇ ಬಿಟ್ಟರೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಅವನ ಅಕ್ಕ ತಂಗಿಯರನ್ನು ಕೇಳಬೇಕು. ಮೈದಾನದ ಹಿರಿಯರ ಕೂಟ ಇಂಥವನನ್ನು ಬಿಟ್ಟುಕೊಡಬಾರದು. ಕೂಟದಲ್ಲಿ ಹತ್ತು ಜನ ಶುಲ್ಕ ಕಟ್ಟಿ ಹೊರಡುವಾಗ ಇನ್ನಿಬ್ಬರು ಹುಡುಗರ ಶುಲ್ಕವನ್ನೂ ಸೇರಿಸಿ ಕಟ್ಟಲಿ, ಜೀಪಿನಲ್ಲಿ ಜಾಗ ಕೊಡಲಿ. ಸೋಯಾಬೀನ್ ಕೊಯ್ಲಿನ ದಿನಗಳಲ್ಲಿ ಹುಡುಗರು ಬರುವುದಿಲ್ಲ, ಅದಕ್ಕೆ ಬೇಸರ ಬೇಡ. ಸಾವಿರಾರು ಜನರ ನಡುವೆ, ಯಾರೂ ನಪಾಸು ಆಗದ ಒಂದು ಓಟವನ್ನು ಅವರು ಒಮ್ಮೆಯಾದರೂ ಓಡಿ ನೋಡಲಿ.

ವಯಸ್ಸಿನ ಮಾತು ಬಂತಲ್ಲ, ಪಂಜಾಬಿನ ಫೌಜಾ ಸಿಂಗ್ ಅವರು ಮ್ಯಾರಥಾನ್ ಓಟಕ್ಕೆ ಬಂದದ್ದೇ ಎಂಬತ್ತು ದಾಟಿದ ಮೇಲೆ. 2011ರ ಅಕ್ಟೋಬರ್ 16ರಂದು ನೂರರ ವಯಸ್ಸಿನಲ್ಲಿ ಟೊರಾಂಟೊ ಮ್ಯಾರಥಾನನ್ನು ಎಂಟು ಗಂಟೆಗೂ ಮಿಕ್ಕಿ ಓಡಿ ಮುಗಿಸಿದರು. ಜನನ ಪತ್ರವಿಲ್ಲವೆಂದು ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. (ಶಾಲೆಯ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿದ ನಮ್ಮ ಹಿರಿಯರಿಗೆ ಈ ಕಷ್ಟ ಅರ್ಥವಾದೀತು.) 2025ರ ಜುಲೈನಲ್ಲಿ ಅವರು ತಮ್ಮ ಊರ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ಉಮರ್ಗಾದ ಪಕ್ಕದಲ್ಲೇ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ. ನಸುಕಿನಲ್ಲಿ ಅಲ್ಲಿ ಓಡುವವರು ಎದುರಿನ ವಾಹನ ಕಾಣುವಂತೆ ಬಲಬದಿಗೇ ಓಡಬೇಕು, ಬಿಳಿ ಅಂಗಿ ತೊಡಬೇಕು, ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬಾರದು.

ಓಟಗಳು ಬಹುಮಟ್ಟಿಗೆ ಭಾನುವಾರ ಬೆಳಿಗ್ಗೆಯೇ. ನಮ್ಮ ಮನೆಗಳಲ್ಲಿ ಇದೊಂದು ತಕರಾರು. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಪೂರೈಸಿದಂತೆಯೇ ಎಂದು ಧರ್ಮಸಭೆಯ ನಿಯಮವಿದೆ. ಓಟದ ಊರಿನಲ್ಲಿ ಚರ್ಚ್ ಎಲ್ಲಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಂಡರೆ ಆಯಿತು.

ಇನ್ನು ಹೆಣ್ಣುಮಕ್ಕಳು. ಭರ್ತಿಯಲ್ಲಿ ಅವರಿಗೂ 800 ಮೀಟರ್ ಓಟವಿದೆ. ಸಾತಾರಾ ಜಿಲ್ಲೆಯ ಬರದ ತಾಲೂಕಾದ ಮಾಣದ ಮೋಹಿ ಎಂಬ ಹಳ್ಳಿಯ ಲಲಿತಾ ಬಾಬರ್ 2016ರ ರಿಯೊ ಒಲಿಂಪಿಕ್ಸಿನ ಸ್ಟೀಪಲ್‌ಚೇಸ್ ಅಂತಿಮ ಸುತ್ತಿನಲ್ಲಿ ಓಡಿದರು. ಆದರೂ ನಸುಕಿನ ಕತ್ತಲಲ್ಲಿ ಮಗಳನ್ನು ಒಬ್ಬಳನ್ನೇ ಮೈದಾನಕ್ಕೆ ಕಳಿಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಅದು ತಪ್ಪೂ ಅಲ್ಲ. ಕೂಟದಲ್ಲಿ ಒಬ್ಬ ಟೀಚರಮ್ಮ, ಒಬ್ಬ ನರ್ಸಕ್ಕ ಓಡುತ್ತಿದ್ದು, ಹೋಗುವಾಗ ಮನೆ ಮುಂದೆ ನಿಂತು "ಬಾರವ್ವಾ" ಎಂದು ಕರೆದರೆ, ಅದೇ ತಾಯಿ ಬಾಗಿಲು ತೆಗೆಯುತ್ತಾಳೆ.